ಗೇರು ಸೊನೆಗೆ ಹೋಗದ ಹಚ್ಚೆ

2023ರ ಜೂನ್ ಮೊದಲ ವಾರ. ಮಳೆ ಇನ್ನೂ ಸರಿಯಾಗಿ ಹಿಡಿದಿರಲಿಲ್ಲ. ಮಕ್ಕಿಗದ್ದೆಯ ಅಂಚು ಕಡಿಯುತ್ತಿದ್ದೆ. ತಂಗಿ ಓಡಿ ಬಂದು, "ಅಣ್ಣಾ, ಹುಡ್ಗನ್ ಕೈ ನೋಡು ಬಾ, ಎಂತ ಮಾಡ್ಕಂಡಾನೆ ಅಂತ" ಅಂದಳು. ಕತ್ತಿ ಅಲ್ಲೇ ಇಟ್ಟು ಹೋದೆ.

ಹುಡುಗ ಜಗಲಿ ಮೇಲೆ ಅಂಗಿ ಬಿಚ್ಚಿ ಕೂತಿದ್ದ. ಬಲ ರಟ್ಟೆ ಕುಂಬಳಕಾಯಿ ಹಾಗೆ ಊದಿತ್ತು. ನೀರು ತುಂಬಿದ ಬೊಬ್ಬೆಗಳು, ಕೆಲವು ಒಡೆದು ಸೋರುತ್ತಿದ್ದವು, ನಡುವೆ ಕರ್ರಗೆ ಸುಟ್ಟ ಚರ್ಮ. ಕುತ್ತಿಗೆ, ಮುಖದ ಮೇಲೂ ಕೆಂಪು ದಡಿಕೆ. ಕಣ್ಣು ಅರ್ಧ ಮುಚ್ಚಿತ್ತು. ಮೈಯೆಲ್ಲ ತುರಿಕೆ, ಎರಡು ರಾತ್ರಿ ನಿದ್ದೆ ಇಲ್ಲ.

"ಎಂತ ಹಚ್ಚಿದ್ಯೋ ಮಾರಾಯ?" ಅಂದೆ. ಬಾಯಿ ಬಿಡಲಿಲ್ಲ. ಕೊನೆಗೆ ತಂಗಿ ಅಟ್ಟದಲ್ಲಿದ್ದ ಕರಿಗೇರು ಕಾಯಿ ತಂದು ತೋರಿಸಿದಳು. ಸೂಜಿಗೆ ಚುಚ್ಚಿ ದೀಪಕ್ಕೆ ಹಿಡಿದು ತೊಟ್ಟಿಕ್ಕಿದ ಸೊನೆಯನ್ನು ಮೂರು ರಾತ್ರಿ ರಟ್ಟೆಗೆ ಹಚ್ಚಿದ್ದಾನೆ. ಹಿಂದಿನ ವರ್ಷ ಜಾತ್ರೆಯಲ್ಲಿ ಆರುನೂರು ರೂಪಾಯಿ ಕೊಟ್ಟು ಅದೇ ಜಾಗದಲ್ಲಿ ಸಿಂಹದ ಮುಖದ ಹಚ್ಚೆ ಹಾಕಿಸಿಕೊಂಡಿದ್ದ. ಈಗಿನವರು ಟ್ಯಾಟೂ ಅನ್ನುತ್ತಾರೆ. ಅಗ್ನಿವೀರ ಭರ್ತಿಗೆ ಅರ್ಜಿ ಹಾಕಿದ ಮೇಲೆ, ನಿವೃತ್ತ ಯೋಧರೊಬ್ಬರು "ರಟ್ಟೆ ಮೇಲೆ ಹಚ್ಚೆ ಇದ್ರೆ ತಗೊಳ್ಳಲ್ಲ" ಅಂದರಂತೆ. ಗೇರು ಸೊನೆ ಹಚ್ಚಿದರೆ ಚರ್ಮ ಸುಲಿದು ಹಚ್ಚೆಯೂ ಹೋಗುತ್ತದೆ ಅಂತ ಇನ್ಯಾರೋ ಹೇಳಿದ್ದಾರೆ.

ಚರ್ಮ ಸುಲಿದದ್ದು ನಿಜ. ಹಚ್ಚೆ ಮಾತ್ರ ಹೋಗಲಿಲ್ಲ.

ಇದು ಯಾಕೆ ಹೀಗೆ ಎಂದು ಆ ವರ್ಷ ಡಾಕ್ಟರರ ಬಾಗಿಲು ಕಾಯುತ್ತ ಕಾಯುತ್ತ ನಾನು ಕಲಿತೆ. ಕಲಿತದ್ದು ಹಚ್ಚೆಗೆ ಮಾತ್ರವಲ್ಲ, ನಮ್ಮ ಕೈ ಕಾಲು ಉಗುರಿಗೂ ಬಂತು. ಅದಕ್ಕೇ ಬರೆಯುತ್ತಿದ್ದೇನೆ. ನೇಗಿಲು, ಟಿಲ್ಲರಿಗೆ ಎಣ್ಣೆ ಬಿಟ್ಟು ಇಡುವ ನಾವು ಮೈಮೇಲಿನ ಚರ್ಮವನ್ನು ಗೋಣಿಚೀಲಕ್ಕಿಂತ ಕಡೆಯಾಗಿ ನೋಡುತ್ತೇವೆ.

ಮೇಲ್ಮಣ್ಣು, ಕೆಳಮಣ್ಣು

ಸಾಗರದಲ್ಲಿ ಚರ್ಮದ ಡಾಕ್ಟರೊಬ್ಬರು ಹುಡುಗನ ಕೈ ನೋಡಿ ಮೊದಲು ಬೈದರು. ಆಮೇಲೆ ಧನುರ್ವಾಯು ಇಂಜೆಕ್ಷನ್, ನಂಜಿಗೆ ಗುಳಿಗೆ, ಗೇರಿನ ಅಲರ್ಜಿ ಇಳಿಯಲು ಕೆಲವೇ ದಿನಕ್ಕೆಂದು ಸ್ಟೀರಾಯ್ಡ್ ಗುಳಿಗೆ ಬರೆದರು. ಆಮೇಲೆ ಚೀಟಿಯ ಹಿಂದೆ ಎರಡು ಗೆರೆ ಎಳೆದು ತೋರಿಸಿದರು.

ಚರ್ಮಕ್ಕೆ ಮೇಲೆ ಒಂದು ತೆಳು ಪದರ, ಅದರಡಿ ದಪ್ಪ ಪದರ. ಮೇಲಿನದು ಸದಾ ಬೆಳೆಯುತ್ತ, ಸತ್ತ ಭಾಗವನ್ನು ಹೊರಗೆ ಉದುರಿಸುತ್ತ ಇರುತ್ತದೆ. ಸುಮಾರು ನಾಲ್ಕು ವಾರಕ್ಕೆ ಒಂದು ಸಲ ಅದು ಪೂರ್ತಿ ಹೊಸದು. ಹಚ್ಚೆಯ ಮಸಿ ಇರುವುದು ಅದರಲ್ಲಲ್ಲ. ಸೂಜಿ ಅದನ್ನು ದಾಟಿ ಒಂದೆರಡು ಮಿಲಿಮೀಟರ್ ಆಳಕ್ಕೆ, ಕೆಳಗಿನ ಪದರಕ್ಕೆ ಮಸಿ ಇಳಿಸುತ್ತದೆ. ಆ ಪದರ ಉದುರುವುದಿಲ್ಲ.

ನನಗೆ ಕೂಡಲೇ ನೆನಪಾದದ್ದು ಅಡಿಕೆ ಕಲೆ. ನಮಗೆ ತೋಟವಿಲ್ಲ, ಮಳೆ ನಂಬಿದ ಭತ್ತ, ಸ್ವಲ್ಪ ಶುಂಠಿ. (ಎದುರಿಗೆ ಕಣ್ಣು ಹಾಯುವಷ್ಟು ದೂರ ಲಿಂಗನಮಕ್ಕಿ ಹಿನ್ನೀರು, ಗದ್ದೆಗೆ ಮಾತ್ರ ಆಕಾಶದ ನೀರೇ ಗತಿ. ಅದು ಬೇರೆ ಕಥೆ.) ಸುಗ್ಗಿಯಲ್ಲಿ ಮನೆಯ ಹೆಂಗಸರು ಅಡಿಕೆ ಸುಲಿಯಲು ಹೋಗುತ್ತಾರೆ. ಕೈ ಕಾಡಿಗೆ ಬಳಿದ ಹಾಗೆ ಆಗುತ್ತದೆ. ಏನೇ ತಿಕ್ಕಿದರೂ ಹೋಗದು. ಆದರೆ ಸುಲಿತ ನಿಂತು ಮೂರು ನಾಲ್ಕು ವಾರಕ್ಕೆ ತಾನಾಗಿ ಹೋಗಿರುತ್ತದೆ. ಅಡಿಕೆ ಚೊಗರು ಹಿಡಿದಿದ್ದು ಮೇಲಿನ ಪದರಕ್ಕೆ, ಆ ಪದರವೇ ಉದುರಿ ಹೋಯಿತು, ಕಲೆಯೂ ಹೋಯಿತು.

ಡಾಕ್ಟರು ಹೇಳಿದ್ದನ್ನು ನಾನು ಹೀಗೆ ಇಟ್ಟುಕೊಂಡೆ: ಅಡಿಕೆ ಕಲೆ ಮೇಲ್ಮಣ್ಣಿನದು, ಹಚ್ಚೆ ಕೆಳಮಣ್ಣಿನದು. ಮೇಲ್ಮಣ್ಣು ಕೊಚ್ಚಿ ಹೋದರೆ ಕೆಳಗಿನ ಕಲ್ಲು ಹೋಗುತ್ತದೆಯೇ? ಇನ್ನೂ ಎದ್ದು ಕಾಣುತ್ತದೆ. ಗೇರು ಸೊನೆ, ಸುಣ್ಣ, ಸೋಡ, ಆಸಿಡ್, ಉಪ್ಪು ಹಾಕಿ ಉಜ್ಜುವುದು, ಬಿಸಿ ಮಾಡಿದ ಕಬ್ಬಿಣ, ಎಲ್ಲದರ ಕೆಲಸ ಇದೇ. ಮಸಿ ಇರುವ ಆಳಕ್ಕೆ ಸುಡುವಷ್ಟು ಹಾಕಿದರೆ ಆ ಜಾಗದಲ್ಲಿ ಚರ್ಮವೇ ಉಳಿಯುವುದಿಲ್ಲ, ಗಂಟು ಗಂಟಾದ ಕಲೆ ಬೆಳೆಯುತ್ತದೆ. ಕಡಿಮೆ ಹಾಕಿದರೆ ಮೇಲಿನದು ಸುಟ್ಟು ಮಸಿ ಉಳಿಯುತ್ತದೆ. ನಮ್ಮ ಹುಡುಗನಿಗೆ ಎರಡೂ ಆಯಿತು. ಹಚ್ಚೆ ತೆಗೆಯುತ್ತದೆಂದು ಮಾರುವ ಮುಲಾಮುಗಳೂ ಅಷ್ಟೇ. ಮೇಲೆ ಹಚ್ಚಿದ್ದು ಅಷ್ಟು ಆಳಕ್ಕೆ ಇಳಿಯುವುದಿಲ್ಲ, ಇಳಿದರೆ ಸುಡುತ್ತದೆ.

ಗೇರಿನ ಬಗ್ಗೆ ಇನ್ನೊಂದು ಮಾತು. ಅದು ಹಚ್ಚಿದ ಕೂಡಲೇ ಉರಿಯದೆ ಇರಬಹುದು. ಒಂದೆರಡು ದಿನ ಬಿಟ್ಟು ಏಳುತ್ತದೆ. ಹುಡುಗ ಮೊದಲ ರಾತ್ರಿ ಏನೂ ಆಗಲಿಲ್ಲವೆಂದು ಎರಡನೆಯ ರಾತ್ರಿ ಇನ್ನೂ ಜಾಸ್ತಿ ಹಚ್ಚಿದ. ಗೋಡಂಬಿ ಗೇರಿನ ಸಿಪ್ಪೆಯ ಎಣ್ಣೆಯೂ ಅದೇ ಜಾತಿ, ಗೇರುಬೀಜ ಸುಟ್ಟು ಸಿಪ್ಪೆ ಬಿಡಿಸುವವರ ಬೆರಳು ನೋಡಿದರೆ ಗೊತ್ತಾಗುತ್ತದೆ. ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದುದು ಕರಿಗೇರಿನಿಂದಲೇ, ಎಷ್ಟು ಒಗೆದರೂ ಹೋಗದ ಗುರುತು. ಅಂಥದ್ದನ್ನು ಗುರುತು ತೆಗೆಯಲು ಬಳಸಿದ್ದು ನೋಡಿ! ಸೊನೆ ಮೈಗೆ ತಾಗಿದರೆ ತಡಮಾಡದೆ ಸೋಪು ಹಾಕಿ ಹರಿಯುವ ನೀರಿನಲ್ಲಿ ತೊಳೆಯಬೇಕು. ಉಜ್ಜಬಾರದು. ಆ ಕೈಯಲ್ಲಿ ಕಣ್ಣು ಮುಟ್ಟಬಾರದು.

ಅಮ್ಮನ ಹಣೆಯ ಬೊಟ್ಟು

ಹಚ್ಚೆ ಹೊಸತಲ್ಲ. ನನ್ನ ಅಮ್ಮನ ಮುಂಗೈಯಲ್ಲಿ ತುಳಸಿಕಟ್ಟೆ, ಹಣೆಯಲ್ಲಿ ಒಂದು ಬೊಟ್ಟು ಇತ್ತು. ಸುಗ್ಗಿ ಮುಗಿದ ಮೇಲೆ ಕೊರವಂಜಿ ಹೆಂಗಸರು ಬರುತ್ತಿದ್ದರಂತೆ. ದೀಪದ ಮಸಿಗೆ ಸೊಪ್ಪಿನ ರಸ ಕಲಸಿ, ಮೂರು ನಾಲ್ಕು ಸೂಜಿ ಒಟ್ಟಿಗೆ ಕಟ್ಟಿ ಚುಚ್ಚುತ್ತಿದ್ದರು. ಅಳುವ ಹುಡುಗಿಯನ್ನು ನಾಲ್ಕು ಜನ ಹಿಡಿದುಕೊಳ್ಳುತ್ತಿದ್ದರು. ಕೊಡುವುದು ಒಂದು ಸೇರು ಅಕ್ಕಿ, ಹಳೆ ಸೀರೆ. ಒಡವೆ ವಸ್ತ್ರ ಎಲ್ಲ ಇಲ್ಲೇ, ಸತ್ತಾಗ ಜೊತೆಗೆ ಬರುವುದು ಹಚ್ಚೆ ಒಂದೇ ಎನ್ನುತ್ತಿದ್ದರು. ಹಾಕುವುದು ಕಪ್ಪು ಮಸಿಯನ್ನೇ, ಚರ್ಮದ ಅಡಿಯಿಂದ ನೋಡುವಾಗ ಹಸಿರು ನೀಲಿ ಕಾಣುತ್ತದೆ.

ಅಪ್ಪ ತೀರಿಕೊಂಡಾಗ ಹತ್ತಿರದ ಹೆಂಗಸರು ಅಮ್ಮನ ಕುಂಕುಮ ಒರೆಸಿದರು, ಬಳೆ ತೆಗೆದರು. ಹಣೆಯ ಹಚ್ಚೆಬೊಟ್ಟು ಯಾರಿಗೂ ಒರೆಸಲಾಗಲಿಲ್ಲ. ಒಬ್ಬಾಕೆ ಮರೆತು ಎರಡು ಸಲ ಸೆರಗಿನಿಂದ ಉಜ್ಜಿದಳು. ಅಮ್ಮ "ಅದು ಹೋಗ್ತದನೆ, ಬಿಡೆ" ಅಂದಳು. ಅಷ್ಟು ದುಃಖದಲ್ಲೂ ಆ ಮಾತಿನಲ್ಲಿ ಏನೋ ಒಂದು ಗಟ್ಟಿತನ ಇತ್ತು. ಆದ್ದರಿಂದ ಹಚ್ಚೆ ಅಂದರೆ ಕೆಟ್ಟದ್ದು ಅಂತ ನಾನು ಹೇಳಲಾರೆ. ಹಾಗೆಂದು ಎಲ್ಲರಿಗೂ ಅದು ಹೆಮ್ಮೆಯಲ್ಲ. ಪೇಟೆಗೆ ಮದುವೆಯಾಗಿ ಹೋದ ನಮ್ಮ ನೆಂಟರೊಬ್ಬಳು ಮುಂಗೈ ಹಚ್ಚೆ ಮುಚ್ಚಲು ಬೇಸಿಗೆಯಲ್ಲೂ ಉದ್ದ ತೋಳಿನ ರವಿಕೆ ತೊಡುತ್ತಿದ್ದಳು. ಹತ್ತು ವರ್ಷದ ಹುಡುಗಿಯನ್ನು ಹಿಡಿದು ಚುಚ್ಚಿಸಿದ್ದು, ಅವಳನ್ನು ಯಾರು ಕೇಳಿದ್ದರು?

ಮಸಿ ಎಷ್ಟು ಕಾಲ ಉಳಿಯುತ್ತದೆ ಎನ್ನುವುದಕ್ಕೆ ಡಾಕ್ಟರು ಒಂದು ಸಂಗತಿ ಹೇಳಿದರು. 1991ರಲ್ಲಿ ಇಟಲಿ, ಆಸ್ಟ್ರಿಯಾ ಗಡಿಯ ಆಲ್ಪ್ಸ್ ಪರ್ವತದ ಹಿಮದಲ್ಲಿ ಒಬ್ಬ ಮನುಷ್ಯನ ಹೆಣ ಸಿಕ್ಕಿತು. ಸುಮಾರು 5300 ವರ್ಷ ಹಳೆಯದು. ಮೈಮೇಲೆ 61 ಹಚ್ಚೆ ಗುರುತುಗಳನ್ನು ಎಣಿಸಿದ್ದಾರೆ, ಎಲ್ಲ ಮಸಿಯವು. ಸತ್ತವನ ಮಾತು ಹಾಗಿರಲಿ, ಬದುಕಿದ್ದವರಲ್ಲಿ ಯಾಕೆ ಉಳಿಯುತ್ತದೆ? ಮೈಯೊಳಗೆ ಕಸ ನುಂಗುವ ಕಣಗಳಿವೆ. ಹೊರಗಿನಿಂದ ಬಂದ ಮಸಿಯನ್ನು ಅವು ನುಂಗುತ್ತವೆ, ಆದರೆ ಚೂರು ದೊಡ್ಡದಾದ್ದರಿಂದ ಸಾಗಿಸಲಾರದೆ ಅಲ್ಲೇ ಕೂರುತ್ತವೆ. ಆ ಕಣ ಸತ್ತರೆ ಪಕ್ಕದ ಹೊಸ ಕಣ ಅದೇ ಮಸಿಯನ್ನು ನುಂಗುತ್ತದೆ. ಇದನ್ನು 2018ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಇಲಿಗಳಲ್ಲಿ ತೋರಿಸಿದರು. ಗದ್ದೆ ಒಬ್ಬರಿಂದ ಒಬ್ಬರಿಗೆ ಗೇಣಿಗೆ ಹೋದಂತೆ, ಮಣ್ಣು ಅಲ್ಲೇ ಇರುತ್ತದೆ.

ಲೇಸರ್ ಲೆಕ್ಕ

ಹಾಗಾದರೆ ತೆಗೆಯುವ ದಾರಿ ಇಲ್ಲವೇ? ಇದೆ. ಲೇಸರ್ ಬೆಳಕು. ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಪಾಲು ಕಡಿಮೆ ಹೊತ್ತು ಅದು ಮಸಿಗೆ ಬಡಿಯುತ್ತದೆ. ಮೇಲಿನ ಚರ್ಮವನ್ನು ಹೆಚ್ಚು ಸುಡದೆ ದಾಟಿ ಒಳಗಿನ ಮಸಿಯ ಚೂರನ್ನು ಒಡೆದು ಪುಡಿ ಮಾಡುತ್ತದೆ. ಪುಡಿಯಾದದ್ದನ್ನು ಆ ಕಸ ನುಂಗುವ ಕಣಗಳೇ ನಿಧಾನ ಸಾಗಿಸುತ್ತವೆ. ಹೆಂಟೆ ಒಡೆದ ಮೇಲೆ ನೀರು ಮಣ್ಣನ್ನು ಒಯ್ಯುವ ಹಾಗೆ. ಸಾಗಿಸಲು ಹೊತ್ತು ಬೇಕಾದ್ದರಿಂದ ಒಂದು ಸಲ ಮಾಡಿದ ಮೇಲೆ ಆರರಿಂದ ಎಂಟು ವಾರ ಬಿಟ್ಟೇ ಮುಂದಿನದು. ಬೇಗ ಆಗಲಿ ಅಂತ ಅವಸರ ಮಾಡಿದರೆ ಚರ್ಮ ಕೆಡುತ್ತದೆ.

ಎಷ್ಟು ಸಲ ಬೇಕು ಎನ್ನುವುದು ಬಣ್ಣದ ಮೇಲೆ ಹೋಗುತ್ತದೆ. ಕಪ್ಪು ಮಸಿ ಬೇಗ ಒಡೆಯುತ್ತದೆ. ಹಸಿರು, ಹಳದಿ ಹಟ ಮಾಡುತ್ತವೆ. ಹಳೆ ಕಾಲದ ಮಸಿ ಹಚ್ಚೆ ಕಡಿಮೆ ಸಲಕ್ಕೆ ಮಾಸುತ್ತದೆ, ಅಂಗಡಿಯಲ್ಲಿ ಯಂತ್ರದಿಂದ ಒತ್ತೊತ್ತಾಗಿ ತುಂಬಿದ ಹಚ್ಚೆಗೆ ಹೆಚ್ಚು ಸಲ. ಪೂರ್ತಿ ಹೋಗುತ್ತದೆಂದು ಯಾರೂ ಬರೆದು ಕೊಡುವುದಿಲ್ಲ. ನಮ್ಮಂಥ ಕಪ್ಪು ಮೈಯವರಿಗೆ ಇನ್ನೊಂದು ತೊಂದರೆ, ಚರ್ಮದ ಬಣ್ಣವೂ ಆ ಬೆಳಕನ್ನು ಹೀರುತ್ತದೆ, ಬೆಳ್ಳಗೆ ಅಥವಾ ಕರ್ರಗೆ ಕಲೆ ಉಳಿಯಬಹುದು. ಆದ್ದರಿಂದ ಯಂತ್ರ ಇದ್ದ ಮಾತ್ರಕ್ಕೆ ಬ್ಯೂಟಿ ಪಾರ್ಲರಿನಲ್ಲಿ ಕೂರಬಾರದು, ಚರ್ಮದ ಡಾಕ್ಟರೇ ಮಾಡಬೇಕು. ತೀರ ಚಿಕ್ಕ ಹಚ್ಚೆಯಾದರೆ ಆ ತುಂಡು ಚರ್ಮ ಕತ್ತರಿಸಿ ಹೊಲಿಯುವುದೂ ಉಂಟು.

ನಮ್ಮ ಹುಡುಗನಿಗೆ ಸುಟ್ಟ ಗಾಯ ಮಾಯಲು ಎರಡೂವರೆ ತಿಂಗಳು ಹಿಡಿಯಿತು. ಆ ವರ್ಷದ ಭರ್ತಿ ತಪ್ಪಿತು. ಕಲೆ ಮೆತ್ತಗಾಗಲಿ ಅಂತ ಡಾಕ್ಟರು ಇನ್ನೂ ಕೆಲವು ತಿಂಗಳು ಕಾಯಿಸಿದರು. 2024ರಲ್ಲಿ ಶಿವಮೊಗ್ಗದಲ್ಲಿ ಲೇಸರ್ ಶುರು. ಒಂದು ಸಲಕ್ಕೆ 2500 ರೂ. ಬೆಳಗ್ಗೆ ಲಾಂಚಿಗೆ ಕಾದು, ಹೊಳೆ ದಾಟಿ, ಬಸ್ಸು ಹಿಡಿದು ಹೋಗಿ ಬರುವಾಗ ಕೊನೆಯ ಲಾಂಚು ತಪ್ಪಿದರೆ ಆಚೆ ದಡದಲ್ಲೇ ರಾತ್ರಿ. ಎರಡು ಸಲ ಹಾಗಾಯಿತು. 2025ರ ಜುಲೈ 14ರಂದು ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಉದ್ಘಾಟನೆಯಾದ ಮೇಲೆ ಆ ಕಷ್ಟ ಇಲ್ಲ. ಆರುನೂರಕ್ಕೆ ಹಾಕಿಸಿದ್ದಕ್ಕೆ ಆರು ಸಲದ ಲೇಸರಿನದೇ 15000, ಬಸ್ಸು, ಊಟ, ಕೆಲಸ ಕೆಟ್ಟ ದಿನಗಳ ಲೆಕ್ಕ ಬೇರೆ. ಒಂದು ಚೀಲ ಶುಂಠಿ ಬೀಜದ ದುಡ್ಡು ಹೀಗೆ ಹೋಯಿತೆಂದು ತಂಗಿ ಇವತ್ತಿಗೂ ಹೇಳುತ್ತಾಳೆ.

ಸೇನೆಗೆ ಸೇರುವ ಆಸೆ ಇರುವ ಮಕ್ಕಳಿದ್ದರೆ ಈ ನಿಯಮ ಮನೆಯಲ್ಲಿ ಓದಿ ಹೇಳಿ. ಭೂಸೇನೆಯಲ್ಲಿ ಮುಂಗೈಯ ಒಳಬದಿ, ಅಂದರೆ ಮೊಣಕೈ ಒಳಗಿನಿಂದ ಮಣಿಕಟ್ಟಿನವರೆಗೆ, ಮತ್ತು ಅಂಗೈಯ ಹಿಂಬದಿಯ ಹಚ್ಚೆಗೆ ಮಾತ್ರ ಒಪ್ಪಿಗೆ. ರಟ್ಟೆ, ಕುತ್ತಿಗೆ, ಎದೆಯ ಹಚ್ಚೆಗೆ ಇಲ್ಲ. ಕೆಲವು ಬುಡಕಟ್ಟುಗಳ ರೂಢಿಯ ಹಚ್ಚೆಗೆ ವಿನಾಯಿತಿ ಉಂಟು. ಸಿಆರ್‌ಪಿಎಫ್, ಬಿಎಸ್‌ಎಫ್‌ನಂಥ ಪಡೆಗಳಲ್ಲಿ ಮುಂಗೈ ಹಚ್ಚೆ ಸೆಲ್ಯೂಟ್ ಹೊಡೆಯದ ಎಡಗೈಯಲ್ಲೇ ಇರಬೇಕು, ಆ ಭಾಗದ ಕಾಲು ಪಾಲಿಗಿಂತ ಚಿಕ್ಕದಿರಬೇಕು. ಅರ್ಜಿ ಹಾಕುವ ವರ್ಷದ ಪ್ರಕಟಣೆ ಓದಿಯೇ ಮುಂದುವರಿಯಬೇಕು.

ಹಾಕಿಸಿಯೇ ಸಿದ್ಧ ಅನ್ನುವವರು ಸೂಜಿ ನೋಡಲಿ. ಕಣ್ಣೆದುರು ಹೊಸ ಪೊಟ್ಟಣ ಒಡೆಯಬೇಕು, ಬಣ್ಣವನ್ನೂ ಬೇರೆ ಚಿಕ್ಕ ಬಟ್ಟಲಿಗೆ ಹಾಕಿಕೊಳ್ಳಬೇಕು. ಒಬ್ಬರ ರಕ್ತ ತಾಗಿದ ಸೂಜಿ ಇನ್ನೊಬ್ಬರಿಗೆ ಹೋದರೆ ಕಾಮಾಲೆಯ ಬಿ, ಸಿ ವೈರಸ್ಸು, ಎಚ್‌ಐವಿ ಬರಬಹುದು. ಜಾತ್ರೆಯ ಗದ್ದಲದಲ್ಲಿ ಯಾರು ಇದನ್ನೆಲ್ಲ ನೋಡುತ್ತಾರೆ? ಹಚ್ಚೆ ಹಾಕಿಸಿಕೊಂಡವರಿಂದ 12 ತಿಂಗಳು ರಕ್ತದಾನ ತೆಗೆದುಕೊಳ್ಳುವುದಿಲ್ಲ ಎಂದು ನಿಯಮ ಇರುವುದು ಇದೇ ಕಾರಣಕ್ಕೆ. ಬಣ್ಣದಲ್ಲಿ ಏನಿದೆ ಎನ್ನುವುದು ಇನ್ನೊಂದು. ಹಚ್ಚೆ ಬಣ್ಣಗಳ ಪರೀಕ್ಷೆಯಲ್ಲಿ ಲೋಹಗಳು ಕಂಡಿವೆ, ಗುಣಮಟ್ಟದ ನಿಯಮ ಬೇಕೆಂದು ಕೇಂದ್ರಕ್ಕೆ ಬರೆಯುತ್ತೇವೆ ಎಂದು ರಾಜ್ಯದ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ 2025ರಲ್ಲಿ ಹೇಳಿದ್ದರು.

ಮಳೆಗಾಲದ ಕಾಲು

ಮೇಲ್ಮಣ್ಣಿನ ಮಾತು ತಲೆಗೆ ಹೋದ ಮೇಲೆ ನನ್ನ ಕಾಲನ್ನೇ ನೋಡಿಕೊಂಡೆ. ಚರ್ಮದ ಮೇಲಿನ ಪದರ ಗದ್ದೆಯ ಏರಿ ಇದ್ದ ಹಾಗೆ. ಒಳಗಿನ ಪಸೆ ಹೊರಗೆ ಹೋಗದಂತೆ, ಹೊರಗಿನ ಹೊಲಸು ಒಳಗೆ ಬರದಂತೆ ತಡೆಯುತ್ತದೆ. ಏರಿ ಎರಡು ರೀತಿ ಒಡೆಯುತ್ತದೆ, ನೆನೆದು ಕುಸಿಯುವುದು ಒಂದು, ಒಣಗಿ ಬಿರಿಯುವುದು ಇನ್ನೊಂದು. ನಮ್ಮ ಕಾಲಿಗೆ ಆಷಾಢದಲ್ಲಿ ಮೊದಲನೆಯದು, ಮಾಘದಲ್ಲಿ ಎರಡನೆಯದು.

ನಾಟಿ ಹೊತ್ತಿನಲ್ಲಿ ಬೆರಳ ಸಂದು ಬೆಳ್ಳಗೆ ನೆನೆದು, ಕೆಸರು ತಿಂದು, ಸೀಳುತ್ತದೆ. ಆಮೇಲೆ ಬೂಸ್ಟು ಹತ್ತಿಕೊಳ್ಳುತ್ತದೆ. ಆ ಸೀಳು ಉರಿಯುವುದಷ್ಟೇ ಆಗಿದ್ದರೆ ಸಹಿಸಿಕೊಳ್ಳಬಹುದಿತ್ತು. ಇಲಿ ಜ್ವರದ ರೋಗಾಣು ಇಲಿ ಮೂತ್ರದಿಂದ ಗದ್ದೆ ನೀರಿಗೆ ಬಂದು, ಇಂಥ ಸೀಳಿನಿಂದಲೇ ಮೈಯೊಳಗೆ ಹೋಗುತ್ತದೆ. ನಾಟಿ ಮಾಡಿದ ವಾರ ಎರಡು ವಾರದಲ್ಲಿ ಜ್ವರ, ಮೀನಖಂಡ ನೋವು, ಕಣ್ಣು ಕೆಂಪು ಕಂಡರೆ ಡಾಕ್ಟರಿಗೆ "ಗದ್ದೆಗೆ ಇಳಿದಿದ್ದೆ, ಕಾಲು ಸೀಳಿತ್ತು" ಎಂದು ಹೇಳಲೇಬೇಕು. ಹೇಳದಿದ್ದರೆ ಅವರಿಗೆ ಹೇಗೆ ಗೊತ್ತಾಗಬೇಕು?

ನಾನೀಗ ಮಾಡುವುದು ಇಷ್ಟು. ಇಳಿಯುವ ಮೊದಲು ಬೆರಳ ಸಂದಿಗೆ, ಪಾದಕ್ಕೆ ಕೊಬ್ಬರಿ ಎಣ್ಣೆ ಅಥವಾ ವ್ಯಾಸಲೀನು ದಪ್ಪಗೆ ಹಚ್ಚುತ್ತೇನೆ, ನೀರು ಅಷ್ಟು ಬೇಗ ಹಿಡಿಯುವುದಿಲ್ಲ. ಸಂಜೆ ಸೋಪಿನಿಂದ ತೊಳೆದು, ಹಳೆ ಪಂಚೆಯ ಚೂರಿನಿಂದ ಒಂದೊಂದೇ ಬೆರಳ ಸಂದು ಒರೆಸುತ್ತೇನೆ. ಒರೆಸುವುದೇ ಮುಖ್ಯ. ಒಲೆ ಹತ್ತಿರ ಕೂತು ಒಣಗಿಸಿದ ಮೇಲೆ ರಾತ್ರಿ ಏನೂ ಹಚ್ಚದೆ ಬಿಡುತ್ತೇನೆ. ಸಂದು ಆಗಲೇ ಸೀಳಿದ್ದರೆ ಎಣ್ಣೆ ಸಾಲದು, ಬೂಸ್ಟಿನ ಮುಲಾಮು ಬೇಕು. ಸಕ್ಕರೆ ಕಾಯಿಲೆ ಇರುವವರು ಬರಿಗಾಲಲ್ಲಿ ಗದ್ದೆಗೆ ಇಳಿಯಲೇಬಾರದು, ಅವರಿಗೆ ಗಾಯ ಆದದ್ದೇ ತಿಳಿಯುವುದಿಲ್ಲ.

ಕಾಡಿಗೆ ದರಗು, ಸೌದೆಗೆ ಹೋಗಿ ಬಂದ ದಿನ ಮೈ ತೊಳೆಯುವಾಗ ಕಂಕುಳು, ತೊಡೆಸಂದು ನೋಡಿಕೊಂಡು ಉಣುಗು ಇದ್ದರೆ ತೆಗೆಯುವುದನ್ನು ಬಿಡಬೇಡಿ. 2018-19ರಲ್ಲಿ ನಮ್ಮ ತಾಲೂಕಿನ ಅರಳಗೋಡಿನಲ್ಲಿ ಮಂಗನ ಕಾಯಿಲೆ ಎಷ್ಟು ಜನರನ್ನು ತಿಂದಿತು ಎನ್ನುವುದು ಈ ಕಡೆಯವರಿಗೆ ಮರೆಯುವಂಥದ್ದಲ್ಲ. ಆರೋಗ್ಯ ಇಲಾಖೆಯವರು ಕೊಡುವ ಎಣ್ಣೆ ಹಚ್ಚಿಕೊಂಡೇ ಹೋಗುವುದು.

ಹಿಮ್ಮಡಿಗೆ ಮುರುಗಲು ತುಪ್ಪ

ಚಳಿಗಾಲದ ಹಿಮ್ಮಡಿ ಒಡಕಿಗೂ ಹಳಬರು ಕರಿಗೇರನ್ನೇ ಸುಟ್ಟು ತೊಟ್ಟಿಕ್ಕಿಸುತ್ತಿದ್ದರು. ಹುಡುಗನಿಗೆ ಆ ಉಪಾಯ ಹೊಳೆದದ್ದೂ ಅಜ್ಜನ ಕಾಲು ನೋಡಿಯೇ. ಹಿಮ್ಮಡಿ ಚರ್ಮ ದಪ್ಪ, ತಡೆದುಕೊಂಡೀತು. ಆದರೂ ಎಷ್ಟೋ ಜನಕ್ಕೆ ಗೇರು ಹತ್ತಿ ಮೈಯೆಲ್ಲ ಎದ್ದದ್ದು ಕಂಡಿದ್ದೇನೆ. ಬೇಡವೇ ಬೇಡ. ನಮ್ಮಲ್ಲೇ ಅದಕ್ಕಿಂತ ಒಳ್ಳೆಯದು ಇದೆ.

ಮುರುಗಲು ಹಣ್ಣು ಏಪ್ರಿಲ್, ಮೇ ತಿಂಗಳಲ್ಲಿ ಬರುತ್ತದೆ. ಸಿಪ್ಪೆ ಒಣಗಿಸಿಕೊಂಡು ಬೀಜ ಎಸೆಯುವವರೇ ಹೆಚ್ಚು. ಬೀಜ ತೊಳೆದು ಎಂಟು ಹತ್ತು ಬಿಸಿಲು ಒಣಗಿಸಿ, ಒಡೆದು ಹೊಟ್ಟು ತೆಗೆದು, ಒರಳಲ್ಲಿ ಕುಟ್ಟಿ ಪುಡಿ ಮಾಡಬೇಕು. ದೊಡ್ಡ ಪಾತ್ರೆಯಲ್ಲಿ ನೀರು ಕುದಿಸಿ ಪುಡಿ ಹಾಕಿ ಚೆನ್ನಾಗಿ ಮರಳಿಸಿದರೆ ಜಿಡ್ಡು ಮೇಲೆ ತೇಲುತ್ತದೆ. ಇಳಿಸಿ ಒಂದು ರಾತ್ರಿ ಬಿಟ್ಟರೆ ಮೇಣದ ಹಾಗೆ ಹೆಪ್ಪುಗಟ್ಟಿರುತ್ತದೆ. ತೆಗೆದು, ಇನ್ನೊಮ್ಮೆ ಕಾಯಿಸಿ ಸೋಸಿ, ಉಂಡೆ ಕಟ್ಟಿಟ್ಟರೆ ವರ್ಷಗಟ್ಟಲೆ ಕೆಡದು. ನೀರಿನ ಅಂಶ ಉಳಿದರೆ ಮಾತ್ರ ಕಮಟು ಬರುತ್ತದೆ, ಆದ್ದರಿಂದ ಎರಡನೆಯ ಸಲ ಚಟಪಟ ಸದ್ದು ನಿಲ್ಲುವವರೆಗೆ ಕಾಯಿಸಬೇಕು. ಇದು ಕೋಣೆಯ ಬಿಸಿಗೆ ಗಟ್ಟಿ, ಮೈ ಬಿಸಿ ತಾಗಿದರೆ ಕರಗುತ್ತದೆ. ಒಡಕಿನ ಒಳಗೆ ಇಳಿದು ಅಲ್ಲೇ ಹೆಪ್ಪಾಗುವುದೇ ಅದರ ಗುಣ. ಉಪ್ಪಾಗೆ ಬೀಜದ ತುಪ್ಪವನ್ನೂ ಹೀಗೇ ಬಳಸುತ್ತಾರೆ.

ಹಚ್ಚುವ ಕ್ರಮ ಇದೆ. ಒಣ ಕಾಲಿಗೆ ಹಚ್ಚಿದರೆ ಅರ್ಧ ಫಲ. ಉಗುರುಬೆಚ್ಚಗಿನ ನೀರಲ್ಲಿ ಹತ್ತು ಹದಿನೈದು ನಿಮಿಷ ಕಾಲಿಟ್ಟು, ಮೆತ್ತಗಾದ ಸತ್ತ ಚರ್ಮವನ್ನು ಒರಟು ಕಲ್ಲಿನಿಂದ ಹಗುರವಾಗಿ ತಿಕ್ಕಿ, ಒರೆಸಿ, ಪಸೆ ಆರುವ ಮೊದಲೇ ತುಪ್ಪ ಹಚ್ಚಬೇಕು. ನೀರನ್ನು ಒಳಗೆ ಹಿಡಿದಿಡುವುದೇ ಜಿಡ್ಡಿನ ಕೆಲಸ. ಮೇಲೆ ಹಳೆ ಕಾಲುಚೀಲ ಹಾಕಿ ಮಲಗುವುದು. ಬ್ಲೇಡಿನಲ್ಲಿ ಕೊಯ್ಯಬೇಡಿ. ಎರಡು ವಾರ ಬಿಡದೆ ಮಾಡಿದರೆ ನಡೆಯುವಾಗ ನೋವು ಹೋಗುತ್ತದೆ. ಮುರುಗಲು ಸಿಗದವರಿಗೆ ವ್ಯಾಸಲೀನೂ ಅದೇ ಕೆಲಸ ಮಾಡುತ್ತದೆ.

ಅಡಿಕೆ ಸುಲಿದ ಕೈಯನ್ನು ಸೀಮೆಎಣ್ಣೆ, ಬಟ್ಟೆ ಪುಡಿ ಹಾಕಿ ಉಜ್ಜುವವರಿಗೆ ಅಡಿಕೆಯಿಂದ ಆಗದ ಹುಣ್ಣು ಅದರಿಂದ ಆಗುತ್ತದೆ. ಸುಲಿಯುವ ಮೊದಲೇ ಎಣ್ಣೆ ಹಚ್ಚಿಕೊಂಡರೆ ಕಲೆ ಕಡಿಮೆ. ಉಳಿದದ್ದು ನಾಲ್ಕು ವಾರಕ್ಕೆ ತಾನೇ ಹೋಗುತ್ತದಲ್ಲ! ಬೋರ್ಡೋ ದ್ರಾವಣಕ್ಕೆ ಸುಣ್ಣ ಕಲಸುವವರು ರಬ್ಬರ್ ಕೈಚೀಲ ಹಾಕಬೇಕು. ಸುಣ್ಣ ಸಿಡಿದರೆ ಬರೀ ನೀರಿನಲ್ಲಿ ತುಂಬ ಹೊತ್ತು ತೊಳೆಯುವುದು, ಲಿಂಬೆ ಹುಳಿ ಹಿಂಡಬಾರದು.

ಉಗುರು

ಉಗುರಿನ ಲೆಕ್ಕವೂ ಆಳದ್ದೇ. ಕಾಣುವುದು ಸತ್ತ ಭಾಗ, ಬೇರು ಚರ್ಮದ ಒಳಗೆ. ಕೈ ಉಗುರು ತಿಂಗಳಿಗೆ ಸುಮಾರು ಮೂರು ಮಿಲಿಮೀಟರ್ ಬೆಳೆಯುತ್ತದೆ, ಕಾಲಿನದು ಅದರ ಅರ್ಧ. ಅಂದರೆ ಕೈ ಉಗುರು ಪೂರ್ತಿ ಬದಲಾಗಲು ಆರು ತಿಂಗಳು, ಕಾಲ ಹೆಬ್ಬೆರಳಿನದಕ್ಕೆ ಒಂದು, ಒಂದೂವರೆ ವರ್ಷ. ಬೂಸ್ಟು ಹಿಡಿದು ಹಳದಿಯಾಗಿ, ದಪ್ಪವಾಗಿ, ಪುಡಿ ಉದುರುವ ಉಗುರಿಗೆ ಔಷಧ ತಗೊಂಡವರು ತಿಂಗಳಿಗೇ ಬಿಡುವುದು ಯಾಕೆ ತಪ್ಪು ಎಂದು ಇದರಿಂದ ತಿಳಿಯುತ್ತದೆ. ಹೊಸ ಉಗುರು ಬೆಳೆದು ಬರುವವರೆಗೆ ಹಳೆಯದು ಹಾಗೇ ಕಾಣುತ್ತದೆ.

ಗುದ್ದಲಿ ಬಿದ್ದು ಕಪ್ಪಾದ ಉಗುರಿನ ಕಪ್ಪು ತಿಂಗಳು ತಿಂಗಳೂ ತುದಿಯ ಕಡೆ ಸರಿಯುತ್ತದೆ. ಪೆಟ್ಟು ಬೀಳದೆ ಬಂದ, ಸರಿಯದೆ ಅಲ್ಲೇ ಅಗಲವಾಗುವ ಕಪ್ಪು ಗೆರೆಯಾದರೆ ಡಾಕ್ಟರಿಗೆ ತೋರಿಸಬೇಕು, ಅಪರೂಪಕ್ಕೆ ಅದು ಕ್ಯಾನ್ಸರಾಗಿರಬಹುದು. ಉಗುರು ಸುತ್ತಿಗೆ ನಿಂಬೆಹಣ್ಣು ತೂರಿಸುವುದು ನಮ್ಮ ಮನೆ ಮನೆಯ ಔಷಧ. ನನಗೆ ಅದರಲ್ಲಿ ನಂಬಿಕೆ ಹೋಗಿದೆ. ಬೆಚ್ಚಗಿನ ಉಪ್ಪುನೀರಲ್ಲಿ ದಿನಕ್ಕೆ ಮೂರು ನಾಲ್ಕು ಸಲ ಬೆರಳಿಟ್ಟರೆ ಶುರುವಿನಲ್ಲೇ ಇಳಿಯುತ್ತದೆ. ಕೀವು ಕಟ್ಟಿ ನಾಡಿ ಬಡಿದ ಹಾಗೆ ನೋವಿದ್ದರೆ ಡಾಕ್ಟರು ಒಡೆದು ಕೀವು ತೆಗೆಯಬೇಕು, ನಿಂಬೆಹಣ್ಣಿನ ಕೈಲಿ ಆಗದು. ಕಾಲುಗುರನ್ನು ನೇರ ಕತ್ತರಿಸಿ, ಮೂಲೆ ಕೊರೆದರೆ ಅದು ಮಾಂಸದೊಳಗೆ ಬೆಳೆಯುತ್ತದೆ.

ಹುಳುಕಡ್ಡಿಗೆ ಟ್ಯೂಬು

ಇದನ್ನು ಬರೆಯಲು ನಾಚಿಕೆ, ಆದರೂ ಬರೆಯಬೇಕು. ನನಗೇ ಒದ್ದೆ ಚಡ್ಡಿಯಲ್ಲಿ ದುಡಿದು ತೊಡೆಸಂದಿಗೆ ಹುಳುಕಡ್ಡಿ ಆಗಿತ್ತು. ಅಂಗಡಿಯಲ್ಲಿ ಕೇಳಿ ಟ್ಯೂಬು ತಂದೆ. ಎರಡು ದಿನಕ್ಕೆ ತುರಿಕೆ ಮಾಯ. ಬಿಟ್ಟ ಕೂಡಲೇ ಮತ್ತೆ ಬಂತು, ಈ ಸಲ ಸೊಂಟದವರೆಗೆ. ಹೀಗೆ ಎಂಟು ತಿಂಗಳು. ಕೊನೆಗೆ ಚರ್ಮ ಈರುಳ್ಳಿ ಸಿಪ್ಪೆಯಂತೆ ತೆಳ್ಳಗಾಗಿ, ಬಸುರಿ ಹೊಟ್ಟೆಯ ಹಾಗೆ ಬಿಳಿ ಗೆರೆ ಬಿತ್ತು. ಹುಡುಗನನ್ನು ಕರೆದುಕೊಂಡು ಹೋದಾಗಲೇ ಅದನ್ನೂ ತೋರಿಸಿದೆ. ಆ ಟ್ಯೂಬಿನಲ್ಲಿ ಇದ್ದದ್ದು ಸ್ಟೀರಾಯ್ಡ್. ಗೇರು ಅಲರ್ಜಿಗೆ ಹುಡುಗನನ್ನು ಉಳಿಸಿದ ಜಾತಿಯ ಔಷಧವೇ ನನ್ನ ಹುಳುಕಡ್ಡಿಗೆ ಗೊಬ್ಬರವಾಗಿತ್ತು. ಅದು ಮೈಯ ಕಾವಲು ತಗ್ಗಿಸುತ್ತದೆ, ತುರಿಕೆ ನಿಲ್ಲುತ್ತದೆ, ಬೂಸ್ಟು ಆರಾಮ ಬೆಳೆಯುತ್ತದೆ. 2018ರಲ್ಲಿ ಕೇಂದ್ರ ಸರಕಾರ ಇಂಥ 14 ಸ್ಟೀರಾಯ್ಡ್ ಔಷಧಗಳ ಮುಲಾಮನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದೆಂದು ಮಾಡಿದೆ. ಟ್ಯೂಬಿನ ಮೇಲೆ ಕ್ಲೊಬೆಟಸಾಲ್, ಬೀಟಾಮೆಥಾಸೋನ್ ಎಂದಿದ್ದರೆ ಹುಳುಕಡ್ಡಿಗೆ ಹಚ್ಚಬೇಡಿ. ಓದಲು ಬರದಿದ್ದರೆ ಶಾಲೆಗೆ ಹೋಗುವ ಮಕ್ಕಳ ಕೈಲಿ ಓದಿಸಿ. ಸರಿಯಾದ ಔಷಧವನ್ನೂ ಗುಣ ಕಂಡ ಮೇಲೆ ಇನ್ನೆರಡು ವಾರವಾದರೂ ಮುಂದುವರಿಸಬೇಕು. ಮನೆಯಲ್ಲಿ ಯಾರಿಗೆಲ್ಲ ಇದೆಯೋ ಎಲ್ಲರಿಗೂ ಒಟ್ಟಿಗೆ ಔಷಧ ಆಗಬೇಕು, ಟವೆಲು ಬೇರೆ ಬೇರೆ ಇರಬೇಕು.

ನಮ್ಮ ಹುಡುಗನಿಗೆ ಈಗ ಸೇನೆಯ ವಯಸ್ಸು ದಾಟಿದೆ. ನನ್ನ ಜೊತೆ ಶುಂಠಿ ಮಾಡುತ್ತಾನೆ. ಆರು ಸಲದ ಲೇಸರಿಗೆ ಸಿಂಹದ ಕೇಸರ ಎಲ್ಲ ಹೋಗಿ ಮುಖ ಬೆಕ್ಕಿನ ನೆರಳಿನಂತೆ ಉಳಿದಿದೆ. ಗೇರು ಸುಟ್ಟ ಗಂಟು ಕಲೆ ಮಾತ್ರ ಹಾಗೇ ಇದೆ, ಅದಕ್ಕೆ ಲೇಸರ್ ನಾಟುವುದಿಲ್ಲವಂತೆ. ಏಳನೆಯ ಸಲಕ್ಕೆ ಹೋಗೋಣವಾ ಅಂತ ಕೇಳಿದೆ. "ಸಾಕು ಮಾವ, ಆ ದುಡ್ಡಿಗೆ ಎರಡು ಜೊತೆ ಗಂಬೂಟು ಬರ್ತದೆ" ಅಂದ. ತಂದಿದ್ದೇವೆ, ಒಂದು ಅವನಿಗೆ, ಒಂದು ನನಗೆ.